ಬಾಗಿಲು ಮುಚ್ಚದ ಪಂಕಜಾ ಮೇಡಂ

ಪಂಕಜಾ ಮೇಡಂ ಪ್ರಯೋಗಕ್ಕೆ ಕೂತಾಗ ಬಾಗಿಲು ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ. ಹಾಸನದ ನಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಪ್ರಯೋಗ ನಡೆಸುವ ಕೋಣೆಯ ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಚಾಳಿ. ತಮ್ಮೂರು ದಂಡಿಗನಹಳ್ಳಿಯಿಂದ ತಂದ ಸುಲಿಯದ ತೆಂಗಿನಕಾಯಿಯೊಂದನ್ನು ಮೇಡಂ ಅದಕ್ಕೆ ಒತ್ತಿಡುತ್ತಿದ್ದರು. ಮನುಷ್ಯರು ಹೇಗೆ ಯೋಚಿಸಿ ತೀರ್ಮಾನಕ್ಕೆ ಬರುತ್ತಾರೆ ಎಂಬುದು ಅವರ ವಿಷಯ. ಎಷ್ಟು ಓದಿದರೂ ಊರ ಮಾತು ಬಿಟ್ಟವರಲ್ಲ. ಯಾರೇ ಬಂದು ಕೂರಲಿ, ಮೊದಲ ಮಾತು ಒಂದೇ: “ಬ್ಯಾಡ ಅನ್ಸಿದ್ರೆ ಎದ್ದೋಗ್ಬುಡಿ. ಕಾರಣ ಯೋಳ್ಬೇಕಾಗಿಲ್ಲ.” ಹೀಗೆಂದರೆ ಯಾರು ತಾನೇ ಉಳಿಯುತ್ತಾರೆ ಎಂದು ನಾವು ಗೊಣಗುತ್ತಿದ್ದೆವು.

ಎಂ.ಎ. ಓದುವಾಗ ನನ್ನದೊಂದು ಪ್ರಯೋಗವಿತ್ತು. ಒಗಟು ಬಿಡಿಸಲು ಕೊಟ್ಟು, ಹೇಗೇ ಬಿಡಿಸಿದರೂ “ನಿಮಗೆ ತೀರಾ ಕಡಿಮೆ ಬಂತು” ಎಂದು ಸುಳ್ಳು ಹೇಳಬೇಕು. ಸೋತೆನೆಂದುಕೊಂಡವರು ಮುಂದೆ ಏನನ್ನು ಆರಿಸಿಕೊಳ್ಳುತ್ತಾರೆ ನೋಡಬೇಕು. ಕೊನೆಗೆ ನಿಜ ತಿಳಿಸಿ ಕಳಿಸಬೇಕು. ದುದ್ದದ ಸವಿತಾ ಎಂಬ ಹುಡುಗಿ ನಿಜ ಕೇಳುವ ಮೊದಲೇ ಬಸ್ಸಿಗೆಂದು ಓಡಿಬಿಟ್ಟಳು. ನಾಳೆ ಹೇಳಿದರಾಯಿತು ಎಂದೆ. ಮೇಡಂ ಆಗಲೇ ಚಪ್ಪಲಿ ಮೆಟ್ಟಿದ್ದರು.

“ನಮ್ ಸುಳ್ಳ ತಲೇಲಿಟ್ಕೊಂಡು ಆ ಮಗು ಒಂದ್ ರಾತ್ರಿ ಯಾಕ್ ಮಲಗ್ಬೇಕು?”

ನಾವು ದುದ್ದ ಮುಟ್ಟಿದಾಗ ಸವಿತಾ ಡೈರಿಗೆ ಹಾಲು ಹಾಕಿ ಬರುತ್ತಿದ್ದಳು. ಅತ್ತು ಕಣ್ಣು ಊದಿತ್ತು. ಇನ್ನು ಪರೀಕ್ಷೆ ಬರೆಯುವುದಿಲ್ಲ ಎಂದು ಅವ್ವನಿಗೆ ಹೇಳಿಯೂ ಆಗಿತ್ತು. ಮೇಡಂ ರಸ್ತೆಯಲ್ಲೇ ಅವಳ ಕೈ ಹಿಡಿದುಕೊಂಡರು.

“ಆ ಮಾರ್ಕ್ಸು ನಾವೇ ಕಟ್ಟಿದ್ ಸುಳ್ಳು ಕಣವ್ವ. ಎಲ್ರಿಗೂ ಅಂಗೇ ಯೋಳಿದ್ದು.”

“ಅಂಗಾರೆ ನಾನ್ ದಡ್ಡಿ ಅಲ್ವಾ ಮೇಡಂ?”

“ಅದ ನಾವು ನೋಡೇ ಇಲ್ಲ. ಪರೀಕ್ಷೆ ಬರಿ, ಗೊತ್ತಾಯ್ತದೆ.”

ಸವಿತಾ ಅಳುತ್ತಲೇ ನಕ್ಕಳು. ಜಾಣೆ ಎಂದುಬಿಡಬಹುದಿತ್ತಲ್ಲ ಎಂದು ವಾಪಸ್ ಬಸ್ಸಿನಲ್ಲಿ ಕೇಳಿದೆ. “ಇವತ್ತಿಗೆ ಒಂದ್ ಸುಳ್ಳು ಸಾಕು,” ಎಂದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಬಸ್ಸಿನಲ್ಲೇ.

ನಿವೃತ್ತರಾದ ಮೇಲೆ ಮೇಡಂ ಚನ್ನರಾಯಪಟ್ಟಣದಲ್ಲಿ ತಂಗಿಯ ಮನೆಯಲ್ಲಿದ್ದರು. ಮರೆವು ಮೆಲ್ಲಗೆ ಶುರುವಾಗಿತ್ತು. ಮರೆವು ಬಂದವರು ತೀರ್ಮಾನ ಹೇಗೆ ಮಾಡುತ್ತಾರೆ ಎಂಬುದೇ ಅಷ್ಟರಲ್ಲಿ ನನ್ನ ಸಂಶೋಧನೆಯಾಗಿತ್ತು. “ನನ್ನೂ ಸೇರಿಸ್ಕೊ, ಯಾರಿಗಾರ ಉಪಯೋಗುಕ್ ಬರ್ಲಿ,” ಎಂದು ಅವರೇ ಒತ್ತಾಯಿಸಿದರು. ವರ್ಷಕ್ಕೊಮ್ಮೆ ಹೋಗಿ ಪ್ರಶ್ನೆ ಕೇಳಿ ಬರುತ್ತಿದ್ದೆ.

ಕೊನೆಯ ಸಲ ಹೋದಾಗ ಅವರಿಗೆ ನನ್ನ ಗುರುತು ಹತ್ತಲಿಲ್ಲ. ಮತ್ತೆ ಮೊದಲಿನಿಂದ ಒಪ್ಪಿಗೆ ಕೇಳಿದೆ. ತಲೆಯಾಡಿಸಿ ಕೂತರು. ನಡುವೆ ಒಂದು ಪ್ರಶ್ನೆಗೆ ತಡವರಿಸಿ ಸೆರಗು ಹಿಂಡತೊಡಗಿದರು. ಉಳಿದದ್ದು ಕೆಲವೇ ಪ್ರಶ್ನೆ. ಅವು ಸಿಗದಿದ್ದರೆ ಅಷ್ಟೂ ವರ್ಷಗಳ ಅವರ ಉತ್ತರಗಳು ನನ್ನ ಕೆಲಸಕ್ಕೆ ಬಾರದಂತಾಗುತ್ತಿದ್ದವು.

“ನಾನು ಎದ್ದೋಗ್ಬೋದಾ?” ಎಂದರು, ಹೆದರಿದ ಮಗುವಿನಂತೆ.

ಹಾಳೆ ಮಡಚಿಟ್ಟು, ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದೆ.

“ಯಾವಾಗ ಬೇಕಾದ್ರೂ ಹೋಗ್ಬೋದು. ಕಾರಣ ಹೇಳ್ಬೇಕಾಗಿಲ್ಲ.”

ಅವರ ಮುಖ ಅರಳಿತು. “ಯಾರಮ್ಮ ನಿಂಗೆ ಇಂಗೆ ಕಲ್ಸಿದ್ದು?”

“ನಮ್ಮ ಮೇಡಂ.”

“ಒಳ್ಳೇರ್ ಇರ್ಬೇಕು,” ಎಂದು ನನ್ನ ಕೆನ್ನೆ ಸವರಿ ಒಳಗೆ ಹೋದರು.