ಅಯಸ್ಕಾಂತಕ್ಕೆ ಅಂಟಿದ ಚಿನ್ನ

ಶಿವಾಜಿನಗರದ ಒಂದು ಚಿನ್ನದಂಗಡಿಯಲ್ಲಿ ಹನ್ನೊಂದು ವರ್ಷ ಉಂಗುರದ ಕೌಂಟರ್ ನೋಡಿಕೊಂಡೆ. ಅಷ್ಟು ವರ್ಷಗಳಲ್ಲಿ ನಾನು ಹಿಡಿದ ಕಳ್ಳ ಒಬ್ಬನೇ. ಅವನನ್ನಿಟ್ಟುಕೊಂಡು ಒಂದು ಸಿನಿಮಾ ಮಾಡಿದರು, ಜನ ಬಿದ್ದು ಬಿದ್ದು ನಕ್ಕರು. ನಗದೆ ಕುಳಿತವರು ನಾನು, ನನ್ನ ಅವ್ವ ಇಬ್ಬರೇ ಇರಬೇಕು.

ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ, ರಸೆಲ್ ಮಾರುಕಟ್ಟೆಯಿಂದ ವಾಪಸು ಹೋಗುವ ಹೆಂಗಸರ ಗದ್ದಲ ಇಳಿದಿದ್ದ ಹೊತ್ತಿಗೆ, ಮೂವತ್ತರ ಆಸುಪಾಸಿನ ಗಂಡಸೊಬ್ಬ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದ. ಮದುವೆ ನಿಶ್ಚಯವಾಗಿದೆ, ಇಬ್ಬರಿಗೂ ಉಂಗುರ ಬೇಕು ಎಂದ. ಹುಡುಗಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು. ಅರ್ಧ ದಿನ ರಜೆ ಹಾಕಿ ಬಂದಿದ್ದೇನೆಂದು ತಾನಾಗಿಯೇ ಹೇಳಿದಳು. ಉಂಗುರ ಹಾಕಿಕೊಂಡು ಮಿಷನ್ ಓಡಿಸಿದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದಾ ಎಂದು ಕೇಳಿದಳು. ನಾನು ಅಳತೆಯ ರಿಂಗುಗಳನ್ನು ಒಂದೊಂದಾಗಿ ಅವಳ ಬೆರಳಿಗೆ ತೊಡಿಸಿ ನೋಡುತ್ತಿದ್ದೆ. ಅಷ್ಟರಲ್ಲಿ ಅವನು ಟ್ರೇಯಿಂದ ಒಂದು ಉಂಗುರ ಎತ್ತಿ ನೋಡಿ ಮತ್ತೆ ಇಟ್ಟ. ಇಟ್ಟದ್ದು ನಮ್ಮದಲ್ಲ. ನಮ್ಮ ಉಂಗುರಗಳಿಗೆ ಕಟ್ಟುವ ಬೆಲೆ ಚೀಟಿಯ ದಾರಕ್ಕೆ ನಾನೇ ಕೂತು ಎರಡೆರಡು ಗಂಟು ಹಾಕುತ್ತಿದ್ದೆ. ಇದಕ್ಕೆ ಒಂದೇ ಗಂಟಿತ್ತು.

"ಸರ್, ನಿಮ್ ಉಂಗುರ ನಮ್ ಟ್ರೇಗೆ ಬಂದ್ಬಿಟ್ಟಿದೆ. ನಮ್ದು ಕೊಟ್ಬಿಡಿ," ಎಂದೆ.

ಅವನು ಓಡಲಿಲ್ಲ, ಹಾರಲಿಲ್ಲ. ಬೆವರಿದ. ಬಾಗಿಲಲ್ಲಿದ್ದ ಗಾರ್ಡ್ "ಕ್ಯಾ ಹುವಾ ಆಪಾ?" ಎಂದು ಏನಾಯಿತೆಂದು ಕೇಳುತ್ತ ಬಂದು ಅವನ ಭುಜ ಹಿಡಿದ ಕೂಡಲೇ, "ಇವ್ಳೇ ಮಾಡ್ಸಿದ್ದು ಸರ್," ಎಂದು ಹುಡುಗಿಯ ಕಡೆ ಕೈ ತೋರಿಸಿದ. ಅವನ ಪ್ರೇಮ ಅಷ್ಟೇ.

ಹುಡುಗಿಯ ಬೆರಳಲ್ಲಿ ಅಳತೆಯ ರಿಂಗು ಹಾಗೇ ಇತ್ತು. ನನಗೆ ಅವಳ ಮೇಲೂ ಸಿಟ್ಟು ಬಂತು. "ಎಂಥವನ ಜೊತೆ ಬಂದಿದ್ದೀಯ ಅಂತ ಗೊತ್ತಾಗಲ್ವಾ ನಿಂಗೆ?" ಎಂದೆ.

"ಅವ್ರ ಅಮ್ಮಂಗೂ ಫೋನಲ್ಲಿ ಮಾತಾಡಿದ್ದೆ ಅಕ್ಕಾ," ಎಂದಳು. ಆ ಅಮ್ಮ ಯಾರೋ ಏನೋ.

ಪೊಲೀಸರು ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಸಂಜೆ ನಾನು ಸ್ಟೇಷನ್ನಿಗೆ ಹೋಗಿ, ಹುಡುಗಿಯ ಎರಡು ಕೈಯೂ ನನ್ನ ಕೈಯೊಳಗೇ ಇದ್ದವು, ಅವಳು ಏನನ್ನೂ ಮುಟ್ಟಲಿಲ್ಲ ಎಂದು ಬರೆದು ಕೊಟ್ಟ ಮೇಲೆ ಅವಳನ್ನು ಬಿಟ್ಟರು. ಹೋಗುವಾಗ ಅವಳು ನನ್ನ ಮುಖ ನೋಡಲಿಲ್ಲ.

ಎರಡು ವರ್ಷದ ಮೇಲೆ ನಮ್ಮ ಯಜಮಾನರು ಅಂಗಡಿಯನ್ನು ಶೂಟಿಂಗಿಗೆ ಕೊಡಲು ಒಪ್ಪಿದರು. ಅದಕ್ಕೂ ಮುಂಚೆ ಒಬ್ಬ ಸಹಾಯಕ ನಿರ್ದೇಶಕ ಬಂದು ಹೋಗತೊಡಗಿದ. ಇಂದಿರಾನಗರದ ಕಾಫಿ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತು, ಬಡವರ ಬದುಕನ್ನು ಕಿಟಕಿಯಲ್ಲಿ ಕಂಡಷ್ಟು ಬರೆದುಕೊಳ್ಳುವವರ ಪೈಕಿ.

"ಕಾಮಿಡಿ, ಕಳ್ತನ, ಲವ್ ಮೂರೂ ಇದೆ ಅಕ್ಕಾ. ರಿಯಲ್ ಆಗಿರೋದು ಏನಾದ್ರೂ ಇದ್ರೆ ಹೇಳಿ," ಎಂದ.

ಹೇಳಿದೆ. ನನ್ನ ಬುದ್ಧಿಗೇಡಿತನ. ಪೂರ್ತಿ ಕೇಳಿ, "ಆ ಹುಡುಗಿ ಬೇಡ ಅಕ್ಕಾ, ತುಂಬಾ ಡಲ್ ಆಗತ್ತೆ. ಸೇಲ್ಸ್ ಗರ್ಲೇ ಕಳ್ಳಂಗೆ ಬಿದ್ಬಿಟ್ರೆ?" ಎಂದ. ಅದೊಂದು ಮಹಾ ಯೋಚನೆ ಎಂಬಂತೆ ಅವನ ಮುಖ ಅರಳಿತ್ತು.

ಶೂಟಿಂಗ್ ದಿನ ನಾಯಕಿ ನನ್ನ ಕೌಂಟರಿನಲ್ಲಿ ನಿಂತಳು. ಒಳ್ಳೆಯ ಹೆಣ್ಣು, ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳಿದಳು. ಗಿರಾಕಿ ಎದುರಿಗಿರುವಾಗ ಒಂದು ಕೈ ಯಾವಾಗಲೂ ಟ್ರೇ ಮೇಲಿರಬೇಕು ಎಂದೆ. ಹಾಗೇ ಇಟ್ಟಳು. ನಿರ್ದೇಶಕ ಬಂದು ಆ ಕೈಯನ್ನು ಎತ್ತಿಸಿ ಎದೆಯ ಮೇಲೆ ಇಡಿಸಿದ. ಕಳ್ಳನ ಪಾತ್ರದ ನಾಯಕ ನಗುತ್ತಾನೆ, ಅವಳ ಎದೆ ಹೊಡೆದುಕೊಳ್ಳುತ್ತದೆ, ಟ್ರೇ ಕೆಳಗೆ ಬೀಳುತ್ತದೆ, ಉಂಗುರಗಳೆಲ್ಲ ಉರುಳಿ ಹೋಗಿ ಅವನ ಬೂಟಿನ ಅಡಿಯಲ್ಲಿರುವ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ.

"ಚಿನ್ನ ಮ್ಯಾಗ್ನೆಟ್‌ಗೆ ಅಂಟಲ್ಲ ಸರ್," ಎಂದೆ.

"ನಮ್ ಸಿನಿಮಾದಲ್ಲಿ ಅಂಟತ್ತೆ ಮೇಡಂ," ಎಂದ ನಿರ್ದೇಶಕ. ಸುತ್ತ ನಿಂತವರು ನಕ್ಕರು. ಕಬ್ಬಿಣದ ಉಂಗುರಗಳಿಗೆ ಬಂಗಾರದ ಬಣ್ಣ ಬಳಿದು ತಂದಿದ್ದರು. ಮೊದಲ ಸಲ ಅವೂ ಅಂಟಲಿಲ್ಲ. ಬೂಟು ಬದಲಾಯಿಸುವಷ್ಟರಲ್ಲಿ ಊಟದ ಹೊತ್ತಾಯಿತು.

ಸಿನಿಮಾ ಬಿಡುಗಡೆಯಾದಾಗ ಯಜಮಾನರು ಟಿಕೆಟ್ ಕೊಡಿಸಿದರು. ಅವ್ವನನ್ನು ಕರೆದುಕೊಂಡು ಹೋದೆ. ರಾಯಚೂರು ಕಡೆಯಿಂದ ಬಂದು, ಹೊರಮಾವಿನ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತು, ಕೆ.ಆರ್.ಪುರದ ಒಂದು ಬಾಡಿಗೆ ಕೋಣೆಯಲ್ಲಿ ನನ್ನನ್ನು ಬೆಳೆಸಿದವಳು ಅವಳು. ಪರದೆಯ ಮೇಲೆ ನನ್ನ ಕೌಂಟರಿನ ಹೆಣ್ಣು ಕಳ್ಳನಿಗೆ ತಾನೇ ಬೀಗದ ಕೈ ಕೊಟ್ಟಳು, ಅವನ ಬೈಕ್ ಹತ್ತಿ ಹಾಡಿದಳು. ಗಾರ್ಡ್ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಎರಡು ಸಲ ಜಾರಿ ಬಿದ್ದ. ನಿಜವಾದ ಕಳ್ಳನಿಗೆ ಒಬ್ಬಳ ಕಡೆ ಕೈ ತೋರಿಸಿ ತಪ್ಪಿಸಿಕೊಳ್ಳಲು ನೋಡುವಷ್ಟೇ ಬುದ್ಧಿಯಿತ್ತು. ಇವರು ಅವನಿಗೆ ಹಾಡು, ಕರುಣೆ, ತಂಗಿಯ ಆಪರೇಷನ್ನು ಎಲ್ಲವನ್ನೂ ಕೊಟ್ಟಿದ್ದರು.

ಮಧ್ಯಂತರದಲ್ಲಿ ಅವ್ವ ಕೇಳಿದಳು. "ಆ ಹೊಲಿಯೋ ಹುಡುಗಿ ಯಾವಾಗ ಬರ್ತಾಳ?"

"ಅಕೀನ ತೆಗದ್ಹಾಕ್ಯಾರವ್ವಾ."

"ಹಂಗಾದ್ರ ನಾವ್ಯಾಕ ಕುಂತೀವಿ? ನಡಿ ಮನಿಗೆ."

ಹೊರಟುಬಿಟ್ಟೆವು. ಕೊನೆ ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ, ಯಾರನ್ನೂ ಕೇಳಿಲ್ಲ.

ಆಮೇಲೆ ಕೆಲವು ತಿಂಗಳು ಅಂಗಡಿಯಲ್ಲಿ ಕಾಟ. ಯಜಮಾನರು ನಾಯಕನ ಜೊತೆ ತೆಗೆಸಿಕೊಂಡ ಫೋಟೋವನ್ನು ನನ್ನ ತಲೆಯ ಮೇಲೇ ತೂಗುಹಾಕಿದ್ದರು. ಏನೂ ಕೊಳ್ಳದ ಗಂಡಸರು ಗುಂಪಾಗಿ ಬಂದು, "ಬೂಟ್ ತೋರ್ಸೋ ಮಗಾ, ಮೇಡಂ ಬೀಳ್ತಾರೆ," ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

"ಮ್ಯಾಗ್ನೆಟ್ ತಂದಿದ್ರೆ ಗುಜರಿ ಅಂಗಡಿಗೆ ಹೋಗಿ, ಮೊಳೆ ಸಿಗತ್ತೆ," ಎಂದು ನಾನು ಟ್ರೇ ಒಳಗಿಡುತ್ತಿದ್ದೆ.

ಒಂದು ದಿನ ಆ ಸಹಾಯಕ ನಿರ್ದೇಶಕ ಸಿಹಿಯ ಡಬ್ಬಿ ಹಿಡಿದು ಬಂದ. "ಹೇಗಿತ್ತು ಅಕ್ಕಾ ನಮ್ ಸಿನಿಮಾ?"

"ಆ ಕಳ್ಳ ಒಂದು ಉಂಗುರ ಎಗರ್ಸೋಕ್ ಬಂದು ಸಿಕ್ಕಾಕ್ಕೊಂಡ," ಎಂದೆ. "ನೀವು ಆ ಹುಡುಗೀನೇ ಎಗರಿಸ್ಬಿಟ್ರಿ. ನಿಮ್ಮನ್ನ ಹಿಡಿಯೋರು ಯಾರೂ ಇರ್ಲಿಲ್ಲ ನೋಡಿ, ಅದಕ್ಕೇ ಡಬ್ಬಿ ಹಿಡ್ಕೊಂಡು ಓಡಾಡ್ತಿದ್ದೀರ."

ಮುಖ ಸಪ್ಪೆಯಾಗುತ್ತದೆ ಅಂದುಕೊಂಡಿದ್ದೆ. ಅವನ ಕಣ್ಣುಗಳು ಮಿಂಚಿದವು. "ಸೂಪರ್ ಡೈಲಾಗ್ ಅಕ್ಕಾ! ಇನ್ನೊಂದ್ಸಲ ಹೇಳಿ, ಬರ್ಕೋತೀನಿ," ಎಂದು ಜೇಬಿನಿಂದ ಫೋನ್ ತೆಗೆದ.

ಅವನ ಹಿಂದೆ ಮಗುವನ್ನು ಎತ್ತಿಕೊಂಡು ಒಬ್ಬ ಹೆಂಗಸು ಕಾಯುತ್ತಿದ್ದಳು. "ಬನ್ನಿ ಅಮ್ಮಾ, ಏನ್ ತೋರಿಸ್ಲಿ?" ಎಂದು ನಾನು ಅವಳ ಕಡೆ ತಿರುಗಿದೆ.