ಬಿಳಿ ಚುಕ್ಕೆಯ ಜೇನು ಬರಲಿಲ್ಲ

ಕಳೆದ ಭಾನುವಾರ, ಕಣ್ಣು ಮಂಜಾದ ಒಬ್ಬ ಹಿರಿಯರಿಗೆ ನಾನು ಮೋಸ ಮಾಡಲು ನೋಡಿದೆ.

ಗಾಬರಿಯಾಗಬೇಡಿ, ಆಸ್ತಿಪಾಸ್ತಿಯ ವಿಷಯವಲ್ಲ. ನೋಟ್‌ಬುಕ್ಕಿನ ಒಂದು ಪುಟದ ವಿಷಯ.

ನಂದಿಯಲ್ಲಿ ವೆಂಕಟರವಣಪ್ಪ ಮೇಷ್ಟ್ರು ಅಂತ ಇದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮುಂದಿನ ತಿಂಗಳು ಆಪರೇಷನ್. ಅಷ್ಟರೊಳಗೆ ತಮ್ಮ ಜೇನಿನ ನೋಟ್‌ಬುಕ್ಕುಗಳನ್ನು ಶಾಲೆಯ ಮಕ್ಕಳಿಗಾಗಿ ಪ್ರತಿ ಮಾಡಿಸಬೇಕು ಎಂಬುದು ಅವರ ಹಟ. 'ನನ್ನ ಅಕ್ಷರ ಓದೋಕೆ ಬರೋದು ನಿನಗೇ, ಬಂದು ಹೋಗಪ್ಪ' ಎಂದು ಯಾರ ಕೈಯಲ್ಲೋ ಕಾರ್ಡ್ ಬರೆಸಿದ್ದರು. ಪ್ಯಾಸೆಂಜರ್ ಹತ್ತಿ ಹೋದೆ.

ನಾನು ಓದುವುದು, ಅವರು 'ಹೂಂ' ಅನ್ನುವುದು, ನಾನು ಬರೆದುಕೊಳ್ಳುವುದು. ಹೀಗೆ ಎರಡು ಪುಸ್ತಕ ಮುಗಿದವು. ಮೂರನೆಯದರ ನಡುವೆ ಒಂದು ತಾರೀಖು ಕಣ್ಣಿಗೆ ಬಿತ್ತು. ಆ ಹಾಳೆಯನ್ನು ಮೆಲ್ಲಗೆ ಮಗುಚಿ, ಅದರ ಮುಂದಿನದನ್ನು ಓದತೊಡಗಿದೆ. ಅವರಿಗೇನು ಕಾಣುತ್ತದೆಯೇ?

ಆ ಪುಟಕ್ಕೆ ನಾನೇಕೆ ಹೆದರಿದೆ ಎಂಬುದನ್ನು ಮೊದಲು ಹೇಳಬೇಕು.

ಎಂಬತ್ತರ ದಶಕದ ಮಾತು. ಚಿಕ್ಕಬಳ್ಳಾಪುರದಲ್ಲಿ ಬೆಳೆಗಾರರಿಗೆ ಸಲಹೆ ಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಮೊಪೆಡ್ ಮೇಲೆ ತೋಟ ತಿರುಗುತ್ತಾ ಒಂದು ದಿನ ಮೇಷ್ಟ್ರ ಹಿತ್ತಿಲು ತಲುಪಿದೆ. ಅಲ್ಲಿ ನಾಲ್ಕು ಜೇನುಪೆಟ್ಟಿಗೆ. ಅದರಲ್ಲಿ ಒಂದಕ್ಕೆ ಗಾಜಿನ ಗೋಡೆ, ಮೇಲೊಂದು ಕಪ್ಪು ಬಟ್ಟೆ. ಬಟ್ಟೆ ಸರಿಸಿದರೆ ಒಳಗಿನ ಸಂಸಾರವೆಲ್ಲ ಕಾಣುತ್ತಿತ್ತು.

ಮೇಷ್ಟ್ರು ಒಂದು ತಟ್ಟೆಯಲ್ಲಿ ಸಕ್ಕರೆ ನೀರಿಟ್ಟರು. ಒಂದು ಹುಳು ಬಂದು ಕುಡಿಯುತ್ತಾ ಕೂತಿತು. 'ಈಗ ಅದಕ್ಕೆ ಮೈಮೇಲೆ ಜ್ಞಾನ ಇರಲ್ಲ, ಬೆನ್ನ ಮೇಲೆ ಇಡು' ಎಂದು ಬೆಂಕಿಕಡ್ಡಿಯ ತುದಿಗೆ ಬಿಳಿ ಬಣ್ಣ ಅದ್ದಿ ನನ್ನ ಕೈಗೆ ಕೊಟ್ಟರು. ಇಟ್ಟೆ. (ಮೇಷ್ಟ್ರು ತಾವು ಇಡುತ್ತಿದ್ದ ಕೆಂಪು ಚುಕ್ಕೆಗೆ ಮಗಳ ನೇಲ್ ಪಾಲಿಶ್. 'ನಮ್ಮ ಹುಡುಗಿಗಿಂತ ಆ ಹುಳಗಳಿಗೇ ಶೋಕಿ ಜಾಸ್ತಿ' ಎಂದು ಮನೆಯಮ್ಮ ಒಳಗಿನಿಂದ ಗೊಣಗುತ್ತಿದ್ದರು.)

ಬಿಳಿ ಚುಕ್ಕೆ ಹಾರಿ ಪೆಟ್ಟಿಗೆ ಸೇರಿತು. ಗಾಜಿನಲ್ಲಿ ನೋಡಿದೆವು. ಬಾಲ ಅಲ್ಲಾಡಿಸುತ್ತಾ ಸುತ್ತತೊಡಗಿತು. ಸುತ್ತಲಿನವು ಅದರ ಮೈಗೆ ಮೈ ತಾಗಿಸಿಕೊಂಡು ಹಿಂದೆ ಹಿಂದೆ ಹೋದವು.

'ನೋಡಪ್ಪ, ಯಾವ ದಿಕ್ಕಲ್ಲಿ ಸಿಕ್ತು ಅಂತ ಕುಣಿದು ಮನೆಯೋರಿಗೆಲ್ಲ ಹೇಳ್ತಿದ್ದಾಳೆ. ಸಿಕ್ಕಿದ್ದನ್ನ ಒಬ್ಳೇ ತಿನ್ನೋ ಜಾತಿ ಅಲ್ಲ ಇದು.'

ಸ್ವಲ್ಪ ಹೊತ್ತಿಗೆ ತಟ್ಟೆಯ ತುಂಬ ಜೇನು. ನನಗೆ ರೋಮಾಂಚನ. ಆಮೇಲೆ ಸಂಜೆಯಾದರೆ ಅಲ್ಲಿಗೇ ಓಡುತ್ತಿದ್ದೆ. ಕುಂಬಳದ ಒಂದು ಹೂವಿಗೆ ಬೆಳಗ್ಗೆ ಎಷ್ಟು ಸಲ ಜೇನು ಬರುತ್ತದೆ, ಬಾರದಿದ್ದರೆ ಹೀಚು ಹೇಗೆ ಹಳದಿಯಾಗಿ ಉದುರುತ್ತದೆ, ಎಲ್ಲವೂ ಆ ನೋಟ್‌ಬುಕ್ಕಿನಲ್ಲಿತ್ತು. ಕಾಲೇಜಿನಲ್ಲಿ ಕಲಿಯದ್ದನ್ನು ಆ ಹಿತ್ತಿಲಲ್ಲಿ ಕಲಿತೆ.

ದ್ರಾಕ್ಷಿ ಹಣ್ಣಾಗುವ ಕಾಲ ಬಂತು. ಮುನಿಶಾಮಣ್ಣ ಎಂಬ ಬೆಳೆಗಾರ ಆಫೀಸಿಗೆ ಬಂದ.

'ಅಯ್ಯೋ ದೇವುಡಾ, ಹಣ್ಣೆಲ್ಲ ಜೇನು ಹೀರಾಕ್ತಾವೆ ಸಾರ್. ಬರೀ ಸಿಪ್ಪೆ ಉಳೀತೈತೆ. ಏನಾನ ದಾರಿ ತೋರ್ಸಿ.'

ಜೇನಿನ ಬಾಯಿಗೆ ದ್ರಾಕ್ಷಿಯ ಸಿಪ್ಪೆ ತೂತು ಮಾಡುವ ಶಕ್ತಿಯಿಲ್ಲ. ಹಕ್ಕಿ ಕುಕ್ಕಿದ, ಮಳೆಗೆ ಒಡೆದ ಹಣ್ಣಿನ ರಸಕ್ಕೆ ಅದು ಬರುತ್ತದೆ, ಅಷ್ಟೇ. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಮೇಷ್ಟ್ರನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಆದರೆ ಹೊಸ ಕೆಲಸ, ಎದುರಿಗೆ 'ಸಾರ್' ಅನ್ನುತ್ತಾ ಕೈಮುಗಿದು ನಿಂತ ಮನುಷ್ಯ. ನಾವು ಓದಿದವರಿಗೆ 'ಗೊತ್ತಿಲ್ಲ' ಅನ್ನುವುದು ಅದೆಷ್ಟು ಕಷ್ಟ! ಡಾಕ್ಟರಾಗಲಿ, ಮೆಕ್ಯಾನಿಕ್ ಆಗಲಿ, ಅಂಕಣ ಬರೆಯುವವನಾಗಲಿ, ಆ ಒಂದು ಮಾತಿಗೆ ನಾಲಿಗೆ ಹೊರಳುವುದಿಲ್ಲ.

'ಒಂದು ತಟ್ಟೇಲಿ ಸಕ್ಕರೆ ನೀರಿಡಿ. ಔಷಧಿ ಬೆರೆಸಿ. ಒಂದು ಹುಳ ಬಂದ್ರೆ ಸಾಕು, ಮಿಕ್ಕಿದ್ದನ್ನೆಲ್ಲ ಅದೇ ಕರ್ಕೊಂಡು ಬರುತ್ತೆ' ಎಂದೆ.

ಜಾಣತನದ ಮಾತು ಆಡಿದೆನೆಂದು ಆ ದಿನವೆಲ್ಲ ನನಗೇ ಹೆಮ್ಮೆ. ಅವು ಬೆಟ್ಟದ ಕಡೆಯ ಕಾಡುಜೇನು ಇರಬೇಕು ಎಂದುಕೊಂಡೆ. ತೋಟದಿಂದ ಅರ್ಧ ಮೈಲಿಯಲ್ಲಿ ಮೇಷ್ಟ್ರ ಹಿತ್ತಿಲಿತ್ತು. ಅದು ತಲೆಗೇ ಹೋಗಲಿಲ್ಲ.

ಮೂರನೆಯ ದಿನ ತೋಟಕ್ಕೆ ಹೋದೆ. ಮುನಿಶಾಮಣ್ಣ ಖುಷಿಯಿಂದ ಚಪ್ಪರದ ಕೆಳಗೆ ಕರೆದೊಯ್ದ. ತಟ್ಟೆಯ ಸುತ್ತ ಸತ್ತ ಜೇನು. ಬಗ್ಗಿ ನೋಡಿದೆ. ಒಂದರ ಬೆನ್ನ ಮೇಲೆ ಕೆಂಪು ಚುಕ್ಕೆ. ಪಕ್ಕದ್ದಕ್ಕೂ ಕೆಂಪು.

ತಟ್ಟೆಯನ್ನು ಎತ್ತಿ ಗುಂಡಿಗೆ ಚೆಲ್ಲಿ ಮಣ್ಣು ಮುಚ್ಚಿಸಿದೆ. ಮೇಷ್ಟ್ರ ಮನೆಯ ತಿರುವಿನವರೆಗೂ ಮೊಪೆಡ್ ಹೋಯಿತು, ಅಲ್ಲಿಂದ ಹಿಂದಕ್ಕೆ ತಿರುಗಿಸಿದೆ. ಆಮೇಲೆ ಚಿಂತಾಮಣಿಗೆ ವರ್ಗವಾಯಿತು. (ಹೊರಡುವ ಮುಂಚೆ ಮುನಿಶಾಮಣ್ಣ ಮತ್ತೊಮ್ಮೆ ಬಂದಿದ್ದ. ಅವನ ಹೊಲದ ಕುಂಬಳದ ಹೀಚೆಲ್ಲ ಉದುರುತ್ತಿತ್ತಂತೆ, ಯಾವ ಔಷಧಿ ಹೊಡೆಯಲಿ ಎಂದು ಕೇಳಿದ.) ಮೇಷ್ಟ್ರು ಮತ್ತೆ ಪೆಟ್ಟಿಗೆ ತಂದು ಜೇನು ಸಾಕಿದರೆಂದು ಯಾರಿಂದಲೋ ಕೇಳಿ ಸಮಾಧಾನ ಮಾಡಿಕೊಂಡೆ. ಹಬ್ಬಕ್ಕೆ ಕಾರ್ಡ್ ಹಾಕುತ್ತಿದ್ದೆ. ಎದುರಿಗೆ ಹೋಗಲಿಲ್ಲ.

ಈಗ ಭಾನುವಾರಕ್ಕೆ ಬನ್ನಿ.

ಮುಂದಿನ ಪುಟದ ನಾಲ್ಕು ಸಾಲು ಓದಿದ್ದೆ. ಮೇಷ್ಟ್ರು 'ಹೂಂ' ಅನ್ನಲಿಲ್ಲ.

'ಒಂದು ಪುಟ ಬಿಟ್ಟೆಯಲ್ಲಪ್ಪ.'

'ಅಂಟ್ಕೊಂಡಿತ್ತು ಮೇಷ್ಟ್ರೇ' ಎಂದೆ.

'ಬಿಡಿಸಿ ಓದು.'

ಓದಿದೆ. ಇಷ್ಟು ವರ್ಷವಾದರೂ ಶಾಯಿ ಮಾಸಿರಲಿಲ್ಲ.

'ಬೆಳಗ್ಗೆ ಎಂಟು. ಕೆಂಪು ಚುಕ್ಕೆ ಬಂದು ಕುಣಿಯಿತು. ದಿಕ್ಕು, ದ್ರಾಕ್ಷಿ ತೋಟ. ಕುಣಿಯುತ್ತಲೇ ಬಿತ್ತು. ಅದರ ಹಿಂದೆ ಹೋದವು ಬಂದು ಅದೇ ದಿಕ್ಕು ಹೇಳಿದವು. ಅವೂ ಬಿದ್ದವು. ಬಿಳಿ ಚುಕ್ಕೆ ಬರಲಿಲ್ಲ. ಸಂಜೆಗೆ ನಾಲ್ಕೂ ಪೆಟ್ಟಿಗೆ ನಿಶ್ಶಬ್ದ. ಅವು ಹೇಳಿದ ದಿಕ್ಕಿಗೆ ನಡೆದು ಹೋದೆ. ಚಪ್ಪರದ ಕೆಳಗೆ ತಟ್ಟೆ ಇತ್ತು. ಯಾರೋ ಕಲಿತವರ ಕೆಲಸ.'

ನನ್ನಿಂದ ಮುಂದೆ ಓದಲಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡೆ. ಅಳುತ್ತಿದ್ದೆ, ಅದರಲ್ಲಿ ಮುಚ್ಚುಮರೆ ಏಕೆ?

'ಮೇಷ್ಟ್ರೇ, ಅದು ನಾನೇ.'

'ಗೊತ್ತು ಕಣಪ್ಪ.'

'ಮುನಿಶಾಮಣ್ಣ ಹೇಳಿದ್ನಾ?'

'ಅವನ್ನ ಯಾಕೆ ಕೇಳ್ಲಿ? ತಟ್ಟೆ ಪಾಠ ನಾನು ಹೇಳ್ಕೊಟ್ಟಿದ್ದು ನಿನಗೊಬ್ಬನಿಗೇ.'

ಗೊತ್ತಿದ್ದೂ ಇಷ್ಟು ವರ್ಷ ನನ್ನ ಹಬ್ಬದ ಕಾರ್ಡುಗಳಿಗೆ ಉತ್ತರ ಬರೆದಿದ್ದರು. ಗೊತ್ತಿದ್ದೇ ಈಗ ಕರೆಸಿಕೊಂಡಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಯಮ್ಮ ಕಾಫಿ ತಂದಿಟ್ಟರು, ಕುಡಿದು ಲೋಟ ಕೆಳಗಿಟ್ಟೆ.

'ಈ ಪುಟಾನೂ ಮಕ್ಕಳಿಗೆ ಬರೀಬೇಕಾ ಮೇಷ್ಟ್ರೇ?' ಎಂದು ಕೊನೆಗೆ ಕೇಳಿದೆ.

'ಅದು ನಿನಗೆ ಬಿಟ್ಟಿದ್ದು.'

ಬರೆದೆ. ಒಂದಕ್ಷರ ಬಿಡದೆ ಬರೆದೆ. ಒಂದು ಕಡೆ ಮಾತ್ರ ಬದಲಾಯಿಸಿದೆ. 'ಯಾರೋ ಕಲಿತವರ' ಎಂದಿದ್ದಲ್ಲಿ ನನ್ನ ಹೆಸರು ಹಾಕಿದೆ. ಅದನ್ನು ಅವರಿಗೆ ಓದಿ ಹೇಳಲಿಲ್ಲ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೇಷ್ಟ್ರು ಆ ಹೆಸರನ್ನು ಹೊಡೆದು ಹಾಕುತ್ತಾರೋ, ಹಾಗೇ ಬಿಡುತ್ತಾರೋ?