ಹದಗಾರನ ಹದಿನಾಲ್ಕು ಮಾತ್ರೆ

ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನ ಮೈಮೇಲೆ ಅವನದೇ ಅನ್ನುವ ಬಣ್ಣ ಎಲ್ಲಿ ಉಳಿದಿರುತ್ತದೆ? ಅವನ ಉಗುರಿನ ಸಂದಿಯಲ್ಲಿ ನೀಲಿ, ಹಿಮ್ಮಡಿಯ ಬಿರುಕಿನಲ್ಲಿ ಕೆಂಪು. ಸೀನಿದರೆ ಅವತ್ತಿನ ಆರ್ಡರು ಯಾವ ಬಣ್ಣದ್ದು ಅಂತ ಕರವಸ್ತ್ರವೇ ಹೇಳುತ್ತಿತ್ತು. ಕುದಿಯುವ ತೊಟ್ಟಿಯಿಂದ ಒಂದೆಳೆ ನೂಲು ಎತ್ತಿ, ಹಿಂಡಿ, ಬೆಳಕಿಗೆ ಹಿಡಿದು, “ಇನ್ನೆರಡು ನಿಮಿಷ” ಅಂದನೆಂದರೆ ಎರಡೇ ನಿಮಿಷ. ಅದಕ್ಕೇ ಅವನಿಗೆ ಹದಗಾರ ಅಂತ ಹೆಸರು ಬಿದ್ದಿತ್ತು. ನಿಜವಾದ ಹೆಸರು ಬೇಕಾದರೆ ಮಾಲೀಕನೂ ಹಾಜರಿ ಪುಸ್ತಕ ತೆಗೆದು ನೋಡಬೇಕು.

ಹೆಂಡತಿ ಒಂದು ಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಸಂಜೆ ಮನೆಗೆ ಬಂದು ಗಂಡನ ಬನಿಯನ್ನನ್ನು ಬಕೆಟ್ಟಿಗೆ ಅದ್ದುವುದು ಅವಳ ದಿನದ ಕಡೇ ಕೆಲಸ. ಅದ್ದಿದ ಕೂಡಲೇ ನೀರು ಬಣ್ಣ ತಿರುಗುತ್ತಿತ್ತು. “ಇವತ್ತು ಹಸಿರಾ?” ಅಂತ ಒಳಗಿಂದಲೇ ಕೂಗುತ್ತಿದ್ದಳು. “ಬಕೆಟ್ಟೇ ಹೇಳ್ತಿದೆಯಲ್ಲ, ನನ್ನನ್ಯಾಕೆ ಕೇಳ್ತೀಯ?” ಅಂತ ಅವನು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರಿಬ್ಬರ ಸರಸ ಅಂದರೆ ಹೆಚ್ಚುಕಡಿಮೆ ಅಷ್ಟೇ.

ಹೋದ ವರ್ಷ ಅವನಿಗೆ ಮಲೇರಿಯಾ ಬಂದಿತ್ತು. ಮೊದಲ ಮೂರು ದಿನದ ಮಾತ್ರೆಗೆ ಜ್ವರ ಬಿಟ್ಟಿತು. ಆಮೇಲೆ ನುಂಗಬೇಕಿದ್ದ ಹದಿನಾಲ್ಕು ದಿನದ ಮಾತ್ರೆಯ ಪಟ್ಟಿ ಇನ್ನೊಂದಿತ್ತು. ಅದರಲ್ಲಿ ಒಂದನ್ನೂ ಅವನು ಮುಟ್ಟಲಿಲ್ಲ. ಎರಡು ತಿಂಗಳಿಗೆ ಜ್ವರ ಮರಳಿ ಬಂದು ಅವನನ್ನು ಹಾಸಿಗೆಗೆ ಅಂಟಿಸಿತು. ಈ ವರ್ಷ ಮತ್ತೆ ನಡುಕ ಹತ್ತಿದಾಗ ಬಡಾವಣೆಯ ಚಿಕಿತ್ಸಾಲಯದ ನರ್ಸಮ್ಮ ಬೆರಳಿಗೆ ಚುಚ್ಚಿ, ಗಾಜಿನ ಮೇಲೆ ಒಂದು ಹನಿ ರಕ್ತ ಸವರಿಕೊಂಡು, ನೋಡಿ, ಬೈದಳು.

“ಜ್ವರ ಇಳೀತು ಅಂತ ಅರ್ಧಕ್ಕೇ ಬಿಟ್ಟರೆ ಅದು ಲಿವರ್‌ನಲ್ಲಿ ಅಡಗಿ ಕೂತು ಮತ್ತೆ ಎದ್ದು ಬರುತ್ತೆ. ಈ ಸಲ ಹದಿನಾಲ್ಕೂ ನುಂಗಬೇಕು. ಏನೇ ಆದ್ರೂ ಬಿಡಕೂಡದು. ತಿಳೀತಾ?”

“ತಿಳೀತು ಸಿಸ್ಟರ್. ನಾನು ತೊಟ್ಟಿ ಅರ್ಧಕ್ಕೆ ಬಿಡೋನಲ್ಲ, ಮಾತ್ರೆ ಬಿಡ್ತೀನಾ?”

ಹೊರಗೆ ಸಾಲು ಬಾಗಿಲು ದಾಟಿತ್ತು. ಅವಳು ಚೀಟಿಯಲ್ಲಿ ನಾಲ್ಕು ಕಡೆ ಸರಸರ ಗುರುತು ಹಾಕಿ ಅವನ ಕೈಗಿತ್ತಳು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲಿತ್ತು: ಮೂತ್ರ ಕಂದು ಅಥವಾ ಕಪ್ಪಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ. “ಏನೇ ಆದ್ರೂ ಬಿಡಕೂಡದು” ಅನ್ನುವುದನ್ನು ಗಟ್ಟಿಯಾಗಿ ಹೇಳಿದ ಬಾಯಿ ಈ ಸಾಲಿಗೆ ತೆರೆಯಲೇ ಇಲ್ಲ. ಜೀವ ಉಳಿಸುವ ಮಾತನ್ನು ಓದಲು ಭೂತಗನ್ನಡಿ ಬೇಕು ಅನ್ನುವ ಹಾಗೆ ಅಚ್ಚು ಹಾಕಿಸುವ ಮಹಾನುಭಾವರು ಯಾರೋ!

ಮೊದಲ ಮೂರು ದಿನದ ಮಾತ್ರೆ ಮುಗಿಸಿ ಅವನು ಕೆಲಸಕ್ಕೆ ಮರಳಿದ. ಹದಿನಾಲ್ಕರ ಪಟ್ಟಿ ಶುರುವಾಗಿ ನಾಲ್ಕನೇ ದಿನ ಮೂತ್ರ ಕಡು ಚಹಾದ ಹಾಗೆ ಬಂತು. ಚೀಟಿಯ ಆ ಸಾಲನ್ನು ಅವನು ಓದಿಯೇ ಇದ್ದ. ನೂರು ಕಡುಬಣ್ಣ ಗುರುತಿಸುವ ಕಣ್ಣಿಗೆ ಇರುವೆ ಅಕ್ಷರ ಯಾವ ಲೆಕ್ಕ? ಆದರೆ ಹಿಂದಿನ ದಿನ ಇಡೀ ಪಾಳಿ ಕಾಫಿಬಣ್ಣದ ನೂಲು ಬೇಯಿಸಿದ್ದರು. ಕೆಂಪು ನಡೆದ ವಾರ ಕೆಂಪಗೆ ಉಗುಳುವುದು, ನೀಲಿ ನಡೆದ ವಾರ ನೀಲಿಯಾಗಿ ಬೆವರುವುದು ಅಲ್ಲಿ ಎಲ್ಲರಿಗೂ ಮಾಮೂಲು. ಕಾರ್ಖಾನೆಯ ಶೌಚಾಲಯದ ಹತ್ತಿರ ಅವನು ಒಂದು ಕ್ಷಣ ನಿಂತದ್ದನ್ನು ನೋಡಿ ಜೊತೆಗಾರ ಕಿಚಾಯಿಸಿದ.

“ಏನಣ್ಣಾ, ಹದ ನೋಡ್ತಿದ್ದೀಯಾ? ಇನ್ನೆರಡು ನಿಮಿಷ ಬೇಕಾ?”

“ಪಕ್ಕಾ ಕುಂತಿದೆ ಕಣೋ. ಒಗೆದರೂ ಹೋಗಲ್ಲ” ಅಂದ ಹದಗಾರ. ಎಲ್ಲರೂ ನಕ್ಕರು. ಅವನೂ ನಕ್ಕ.

ಆರನೇ ದಿನ ಮೆಟ್ಟಿಲು ಹತ್ತುವಾಗ ಎರಡು ಸಲ ಕೂತ. ಮುಖ ಬಿಳಿಚಿತ್ತು, ಕಣ್ಣು ಹಳದಿಗಟ್ಟಿತ್ತು. “ಹಳದಿ ತೊಟ್ಟೀಲಿ ಮುಳುಗಿ ಎದ್ದ್ರಾ?” ಅಂತ ಕೇಳಿದಳು ಹೆಂಡತಿ. “ಜ್ವರ ಬಿಟ್ಟ ಮೈ, ಸುಸ್ತಿರುತ್ತೆ” ಅಂದು ಅವನು ಮಾತ್ರೆ ನುಂಗಿ ನೀರು ಕುಡಿದ.

ಏಳನೇ ದಿನ ಸಂಜೆ ಅವಳು ಬನಿಯನ್ ಅದ್ದಿದಳು. ನೀರು ನೀರಾಗಿಯೇ ಇತ್ತು. ಕುಕ್ಕಿದಳು, ಹಿಂಡಿದಳು. ಸೋಪಿನ ನೊರೆ ಬಿಳಿ. ನಿನ್ನೆಯೂ ಹೀಗೇ ಇತ್ತಲ್ಲ? ಮೊನ್ನೆಯೂ? ಹಾಗಾದರೆ ಅವನ ಕಣ್ಣಿನ ಹಳದಿ ಎಲ್ಲಿಯದು ಅಂತ ಅವಳು ಎದ್ದು ಬಚ್ಚಲಿಗೆ ಹೋದಳು. ಅವನು ಚಿಲಕ ಹಾಕದ ಬಚ್ಚಲಿನಲ್ಲಿ ಗೋಡೆಗೊರಗಿ ನಿಂತಿದ್ದ. ಕೆಳಗೆ ಬಿಳಿ ಕಲ್ಲಿನ ಮೇಲೆ ಇನ್ನೂ ಹರಿದುಹೋಗದೆ ನಿಂತ ಮೂತ್ರ ಕಪ್ಪಗಿತ್ತು.

“ರೀ, ಈ ವಾರ ಏನು ಬಣ್ಣ ನಡೀತಿದೆ?”

“ಬಣ್ಣ ಎಲ್ಲಿ? ಮೂರು ದಿನದಿಂದ ಬರೀ ಬಿಳಿ. ನೂಲಿಗೆ ಬ್ಲೀಚು.”

“ಹಂಗಾದ್ರೆ ಇದೇನು?”

ಅವನು ಕಲ್ಲನ್ನೇ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹದಗಾರನಿಗೆ ಒಂದು ಬಣ್ಣ ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ. “ಹಳೇ ಬಣ್ಣ ಇಳೀತಿರಬೇಕು. ಇನ್ನು ಏಳು ಮಾತ್ರೆ ಇದೆ, ಮುಗಿಸಿಬಿಡ್ತೀನಿ. ಹೋದ ಸಲದ ಹಂಗೆ ಮಾಡಬಾರದು” ಅಂದ.

“ನಿಮ್ಮ ಏಳು ಮಾತ್ರೆಗೆ ಬೆಂಕಿ ಹಾಕ! ಚಪ್ಪಲಿ ಮೆಟ್ಟಿ.”

ಆಟೋದಲ್ಲಿ ಅವನ ತಲೆ ಅವಳ ಹೆಗಲ ಮೇಲೆ ವಾಲಿತು. ದೊಡ್ಡಾಸ್ಪತ್ರೆಯ ಡಾಕ್ಟರು ಇನ್ನೂ ಮೀಸೆ ಬಲಿಯದ ಹುಡುಗ. ಕಣ್ಣರೆಪ್ಪೆ ಎಳೆದು ನೋಡಿದವನೇ ಮಾತ್ರೆಯ ಪಟ್ಟಿಯನ್ನು ಕಿತ್ತುಕೊಂಡ.

“ಇದನ್ನ ಕೊಡೋ ಮುಂಚೆ ಇನ್ನೊಂದು ರಕ್ತಪರೀಕ್ಷೆ ಮಾಡಿದ್ರಾ? ಜಿ-ಸಿಕ್ಸ್-ಪಿಡಿ ಅಂತ?”

“ಬೆರಳಿಗೆ ಒಂದೇ ಸಲ ಚುಚ್ಚಿದ್ದು ಡಾಕ್ಟ್ರೇ. ಮಲೇರಿಯಾ ನೋಡೋಕೆ” ಅಂದಳು ಹೆಂಡತಿ.

ಡಾಕ್ಟರು ಅವಳು ತಂದಿದ್ದ ಚಿಕಿತ್ಸಾಲಯದ ಚೀಟಿ ತಿರುಗಿಸಿದ. ಆ ಪರೀಕ್ಷೆಯ ಮುಂದೆ ‘ಸರಿಯಿದೆ’ ಅಂತ ಗುರುತು ಬಿದ್ದಿತ್ತು.

“ಅಮ್ಮಾ, ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಅಂಶ ಕಡಿಮೆ ಇರುತ್ತೆ. ಹಾಗೇ ಇದ್ದರೆ ಏನೂ ಗೊತ್ತಾಗಲ್ಲ. ಈ ಮಾತ್ರೆ ಹೊಟ್ಟೆಗೆ ಹೋದ್ರೆ ರಕ್ತದ ಕಣಗಳು ಒಡೆದುಹೋಗ್ತವೆ. ನೀವು ನೋಡಿದ ಕಪ್ಪು ಅದೇ.”

“ಹಂಗಾದ್ರೆ ಇಂಥೋರಿಗೆ ಔಷಧಿನೇ ಇಲ್ವಾ?”

“ಇದೆ. ಇದೇ ಮಾತ್ರೆಯನ್ನ ಬೇರೆ ಲೆಕ್ಕದಲ್ಲಿ, ವಾರಕ್ಕೊಂದು ಸಲ, ಡಾಕ್ಟರ ಕಣ್ಣೆದುರಿಗೆ ಕೊಡಬಹುದು. ಆದ್ರೆ ಮೊದಲು ಗೊತ್ತಿರಬೇಕಲ್ಲ.”

ಗೊತ್ತು ಮಾಡಿಕೊಳ್ಳಲು ಬೇಕಾದದ್ದು ಒಂದು ಹನಿ ರಕ್ತ, ಅರ್ಧ ಗಂಟೆಗಿಂತ ಕಡಿಮೆ ಹೊತ್ತು. ಆ ಹೊತ್ತು ಯಾರಿಗೂ ಇರಲಿಲ್ಲ. ಈಗ ದೊಡ್ಡಾಸ್ಪತ್ರೆಯಲ್ಲಿ ಎಲ್ಲರಿಗೂ ಹೊತ್ತೇ ಹೊತ್ತು. ನಾಲ್ಕು ಬಾಟಲಿ ರಕ್ತ ಏರಿಸಿದರು. ಕಿಡ್ನಿ ಕಟ್ಟಿಕೊಂಡಿತ್ತು, ಡಯಾಲಿಸಿಸ್ ಯಂತ್ರಕ್ಕೆ ಹಾಕಿದರು. ಮೂರನೇ ದಿನ ಬೆಳಗ್ಗೆ ಅವನು ಕಣ್ಣು ಬಿಟ್ಟು, “ಕಾರ್ಖಾನೆಗೆ ಹೇಳಿ ಕಳಿಸಿದೆಯಾ? ಇವತ್ತು ಕೆಂಪು ಇಳಿಸ್ಬೇಕಿತ್ತು” ಅಂದ. ಮಧ್ಯಾಹ್ನಕ್ಕೆ ಹೋಗಿಬಿಟ್ಟ. ಮೈ ತೊಳೆಯುವಾಗ ಹಿಮ್ಮಡಿಯ ಕೆಂಪು ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಅವನು ತೀರಿಕೊಂಡ ಮೂರನೆಯ ದಿನ ಅವಳು ಚೀಟಿ ಹಿಡಿದು ಚಿಕಿತ್ಸಾಲಯಕ್ಕೆ ಹೋದಳು. ಸಾಲಿನಲ್ಲಿ ನಿಲ್ಲಲಿಲ್ಲ. ನೇರ ಮೇಜಿನ ಮುಂದೆ ನಿಂತು ಆ ಗುರುತಿನ ಮೇಲೆ ಬೆರಳಿಟ್ಟಳು.

“ಇದನ್ನ ಹಾಕಿದ್ದು ನೀವೇನಾ? ಈ ಮಾತ್ರೆ ನುಂಗಿ ನನ್ನ ಗಂಡ ಹೋದ.”

ನರ್ಸಮ್ಮನಿಗೆ ಮೊದಲು ಅದು ಯಾರ ಚೀಟಿ ಅಂತ ಹೊಳೆಯಲಿಲ್ಲ. ಹೊಳೆದಮೇಲೆ ಅವಳ ಮುಖದ ರಕ್ತ ಇಳಿಯಿತು.

“ಅಕ್ಕಾ, ನಾಲ್ಕು ತಿಂಗಳಿಂದ ಆ ಪರೀಕ್ಷೆಯ ಕಿಟ್ಟೇ ಬಂದಿಲ್ಲ. ಕೇಳಿ ಕೇಳಿ ಸಾಕಾಯ್ತು. ಖಾಲಿ ಬಿಟ್ಟು ಕಳಿಸಿದ್ರೆ ಕೆಲಸ ಅಪೂರ್ಣ ಅಂತ ಮೇಲಿನವರು ಉಗೀತಾರೆ. ಎಲ್ಲರೂ ಹಾಕ್ತಾರೆ ಅಂತ ನಾನೂ…”

ಮೇಲಿನವರು! ಅವರ ಕಾಗದ ಪೂರ್ತಿಯಾಗಬೇಕು. ಅದಕ್ಕಾಗಿ ಇವಳು ಪೆನ್ನು ಬಳಸಿದಳು, ಅವನು ರಕ್ತ ಕೊಟ್ಟ. ಮೇಲಿನವರ ಕೋಣೆಯಲ್ಲಿ ಮಲೇರಿಯಾ ನಿರ್ಮೂಲನದ ನಕ್ಷೆಯಲ್ಲಿ ರೋಗಿಗಳ ಗೆರೆ ಚೆನ್ನಾಗಿಯೇ ಇಳಿಯುತ್ತಿರಬೇಕು. ಹದಗಾರನ ಸಾವು ಯಾವ ಗೆರೆಯಲ್ಲಿ ಬಂತು ಅಂತ ಅವರನ್ನು ಕೇಳುವವರು ಯಾರು?

ಹೆಂಡತಿಗೆ ಹೊಡೆಯಬೇಕು ಅನ್ನಿಸಿತ್ತು. ಅದಕ್ಕೆಂದೇ ಬಂದಿದ್ದಳು. ಹಿಂದಿನ ಬೆಂಚಿನಲ್ಲಿ ಯಾರೋ ಚಳಿಜ್ವರಕ್ಕೆ ಹಲ್ಲು ಕಟಕಟಿಸುತ್ತಿದ್ದರು. ಎತ್ತಿದ ಕೈಯನ್ನು ಮೇಜಿನ ಮೇಲೆ ಊರಿದಳು.

“ಇಂಥ ಗುರುತು ಎಷ್ಟು ಹಾಕಿದ್ದೀರಿ?”

“ಲೆಕ್ಕ ಇಟ್ಟಿಲ್ಲಕ್ಕಾ.”

“ಈಗ ಆ ಮಾತ್ರೆ ನುಂಗ್ತಾ ಇರೋರು ಎಷ್ಟು ಜನ? ಅದಾದ್ರೂ ಗೊತ್ತಾ?”

ನರ್ಸಮ್ಮ ದಾಖಲೆ ಪುಸ್ತಕ ತಿರುವಿದಳು. “ಒಂಬತ್ತು.”

“ವಿಳಾಸ ಬರ್ಕೊಳ್ಳಿ. ಏಳಿ.”

“ಈಗಲಾ? ಸಾಲು ನೋಡಿ, ನಾನು ಬಿಟ್ಟು ಹೋದ್ರೆ…”

“ಅವರಿಗೂ ಅದನ್ನೇ ಕೊಡ್ತೀರಿ ತಾನೇ? ಏಳಮ್ಮಾ!”

ಬಾಗಿಲ ಹತ್ತಿರ ಕೂತಿದ್ದ ಮುದುಕನೊಬ್ಬ, “ಹೋಗಿ ಬನ್ನಿ, ನಾವು ಕಾಯ್ತೀವಿ” ಅಂದ.

ಮೊದಲ ಮನೆಗೆ ಬೀಗ. ಎರಡನೆಯ ಮನೆಯವನು ಚೆನ್ನಾಗಿದ್ದ; ಆದರೂ ಪರೀಕ್ಷೆ ಆಗುವ ತನಕ ಮಾತ್ರೆ ಬೇಡ ಅಂತ ನಿಲ್ಲಿಸಿ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಮೂರನೆಯದು ಮೂರು ಮಹಡಿಯ ಮೇಲೆ. ಬಾಗಿಲು ತೆಗೆದವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡಿದ್ದಳು. ಗಂಡ ಗಾರೆ ಕೆಲಸದವನಂತೆ, ಐದನೇ ಮಾತ್ರೆ ನುಂಗಿ ಮಲಗಿದ್ದಾನಂತೆ, ಯಾಕೋ ಎದ್ದೇ ಇಲ್ಲವಂತೆ.

“ನೀವ್ಯಾರು?” ಅಂತ ಕೇಳಿದಳು.

ಹದಗಾರನ ಹೆಂಡತಿ ಅಡುಗೆ ಕಟ್ಟೆಯ ಮೇಲಿದ್ದ ಗಾಜಿನ ಲೋಟವೊಂದನ್ನು ತೆಗೆದುಕೊಂಡು, ಮಲಗಿದ್ದವನ ಹತ್ತಿರ ಕೂತು, ಅವನ ಭುಜ ಅಲ್ಲಾಡಿಸಿದಳು. “ಏಳಪ್ಪಾ. ಇದರಲ್ಲಿ ಉಚ್ಚೆ ಹಿಡಿದು ತಂದು ನನಗೆ ಬಣ್ಣ ತೋರಿಸು. ನಾಚಿಕೆ ಆಮೇಲೆ.”